ಏಳು ಕೆಜಿ

ತೂಕ ಇಳಿಸಲೇಬೇಕು ಎಂದು ಡಾಕ್ಟರು ನನಗೆ ಹೇಳಿದ ದಿನದಿಂದ ಹೆಂಡತಿಯೂ ನನ್ನ ಜೊತೆ ಅನ್ನ ಬಿಟ್ಟಳು. ಇಬ್ಬರಿಗೂ ರಾಗಿ ಅಂಬಲಿ, ಸೌತೆಕಾಯಿ. ಮೂರು ತಿಂಗಳಲ್ಲಿ ಅವಳು ಎರಡು ಕೆಜಿ ಇಳಿದಳು, ನಾನು ಏಳು.

ಇವತ್ತು ನಾನು ತೂಕದ ಯಂತ್ರದಿಂದ ಕೆಳಗಿಳಿಯುತ್ತಿದ್ದಂತೆ ಅವಳು ಕಿಟಕಿಯಿಂದಲೇ ಪಕ್ಕದ ಮನೆಗೆ ಕೂಗಿದಳು.

“ಪ್ರಮೀಳಮ್ಮ, ನಮ್ಮನೆಯವರು ಮತ್ತೆ ಒಂದು ಕೆಜಿ ಇಳಿದ್ರು ಕಣ್ರೀ, ಒಟ್ಟು ಏಳಾಯ್ತು! ದಿನಾ ಪಾರ್ಕಲ್ಲಿ ಐದು ಸುತ್ತು ಹಾಕ್ತಾರೆ. ನಿಮ್ಮನೆಯವರನ್ನೂ ಎಬ್ಬಿಸಿ ಕಳಿಸಿ.”

ಅವಳ ಹೆಮ್ಮೆ ನೋಡಿ ನನಗೆ ತಡೆಯಲಾಗಲಿಲ್ಲ. ಕೂರಿಸಿ ಹೇಳಿಬಿಟ್ಟೆ.

“ನಾನು ಒಂದು ಸುತ್ತೂ ಹಾಕಿಲ್ಲ ಕಣೇ. ಪಾರ್ಕಿನ ಎದುರಿನ ಹೋಟೆಲಲ್ಲಿ ಕೂತು ಮಸಾಲೆ ದೋಸೆ ತಿಂತೀನಿ. ಅದರ ಮೇಲೆ ಕೇಸರಿಬಾತು.”

“ದಿನಾನಾ?”

“ದಿನಾ. ನೀನಿಲ್ಲಿ ನನಗೋಸ್ಕರ ಅಂಬಲಿ ಕುಡೀತಿದ್ದೆ. ಬೈಯಿ, ಎಷ್ಟಾದ್ರೂ ಬೈಯಿ.”

ಅವಳು ಬೈಯಲಿಲ್ಲ. ನನ್ನ ಕೈ ಹಿಡಿದು, ಸಡಿಲವಾಗಿದ್ದ ವಾಚನ್ನು ಮಣಿಕಟ್ಟಿನಿಂದ ಮೊಣಕೈವರೆಗೂ ಸರಿಸಿ ನೋಡಿದಳು.

“ಅಷ್ಟೆಲ್ಲಾ ತಿಂದೂ ಏಳು ಕೆಜಿ ಇಳಿದ್ರಾ? ನಡೀರಿ, ಈಗಲೇ ಆಸ್ಪತ್ರೆಗೆ ಹೋಗೋಣ.”