ನಟ್ಟಿನ ಮೇಲಿನ ಹಳದಿ ಗೆರೆ

ಮುಂದಿನ ಚಕ್ರದ ಬ್ರೇಕ್ ಪೈಪಿನ ನಟ್ಟಿಗೆ ಸ್ಪ್ಯಾನರ್ ಹಾಕಿದ ಡೆಲ್ಮಾರ್ ಅದನ್ನು ತಿರುಗಿಸಲೇ ಇಲ್ಲ. ಹನ್ನೊಂದು ವರ್ಷದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಾಗ ಹಳದಿ ಗೆರೆಯೊಂದು ಕಂಡಿತ್ತು. ನಟ್ಟು ಬಿಗಿ ಮಾಡಿದ ಮೇಲೆ ಅದನ್ನೂ ಪಕ್ಕದ ಕಬ್ಬಿಣವನ್ನೂ ಸೇರಿಸಿ ಬಣ್ಣದ ಗೆರೆ ಎಳೆಯುವುದು ಅವನ ಪದ್ಧತಿ. ನಟ್ಟು ಕೂದಲೆಳೆಯಷ್ಟು ಸಡಿಲಾದರೂ ಗೆರೆ ಎರಡು ತುಂಡಾಗುತ್ತದೆ. ಇದು ತುಂಡಾಗಿರಲಿಲ್ಲ.

"ತುಕ್ಕು ಹಿಡ್ದಿದ್ಯೇನೋ?" ಟಲ್ಸಾದಿಂದ ತಂದ ಡಿಸ್ಕ್ ಬ್ರೇಕಿನ ಪೆಟ್ಟಿಗೆ ಬಿಚ್ಚುತ್ತ ಅಣ್ಣ ರಾಯ್ಸ್ ಕೇಳಿದ. "ಕತ್ತರಿಸಿ ಎಸಿ. ಅಪ್ಪನ ಪಿಕಪ್‌ಗೆ ಇನ್ನಾದ್ರೂ ನಂಬೋ ಅಂಥ ಬ್ರೇಕ್ ಇರ್ಲಿ."

ಹನ್ನೊಂದು ವರ್ಷದ ಹಿಂದೆ ಚರ್ಚಿನಿಂದ ಅಮ್ಮನನ್ನು ಈ ಪಿಕಪ್‌ನಲ್ಲೇ ಕರೆತರುತ್ತಿದ್ದವನು ರಾಯ್ಸ್. ಗಾಡಿ ಸೇತುವೆಗೆ ಗುದ್ದಿ ಅಮ್ಮ ತೀರಿಕೊಂಡಳು. ತಮ್ಮ ಹಾಕಿದ ಈ ನಟ್ಟೇ ಸಡಿಲಾಗಿ ಎಣ್ಣೆಯೆಲ್ಲ ಸೋರಿತ್ತು, ಬ್ರೇಕ್ ಹಿಡಿಯಲಿಲ್ಲ, ಕಣ್ಣಾರೆ ಕಂಡೆ ಎಂದು ಷೆರಿಫ್‌ಗೆ ಹೇಳಿದವನೂ ಅವನೇ. ಮಣ್ಣು ಮಾಡಿದ ದಿನ ಎಲ್ಲರೆದುರು ಡೆಲ್ಮಾರ್‌ನ ಹೆಗಲ ಮೇಲೆ ಕೈಯಿಟ್ಟು, "ತಪ್ಪು ಯಾರ ಕೈಯಲ್ಲಿ ಆಗಲ್ಲ ಹೇಳು," ಎಂದಿದ್ದ. ಅಲ್ಲಿಂದಾಚೆ ಊರಲ್ಲಿ ಒಬ್ಬರೂ ಡೆಲ್ಮಾರ್‌ನ ಕೈಗೆ ಗಾಡಿ ರಿಪೇರಿಗೆ ಕೊಟ್ಟಿರಲಿಲ್ಲ. ಅವನೂ ಕೇಳಿರಲಿಲ್ಲ.

"ಅಣ್ಣ, ಬಾ ಇಲ್ಲಿ. ಇದನ್ನ ನೋಡು."

ರಾಯ್ಸ್ ಬಗ್ಗಿ ನೋಡಿದ. ತಮ್ಮನ ಗೆರೆಯ ಅರ್ಥ ಅವನಿಗೆ ಗೊತ್ತಿಲ್ಲದ್ದೇನಲ್ಲ. ಅವನು ಕೈ ಚಾಚಿದ.

"ಸ್ಪ್ಯಾನರ್ ಕೊಡು. ನಾನೇ ಬಿಚ್ತೀನಿ."

"ನಿನ್ ಕೈಗೆ ಕೊಡಲ್ಲ," ಎಂದ ಡೆಲ್ಮಾರ್.