ಇಪ್ಪತ್ತನೆಯ ಬ್ರಶ್

ನಿವೃತ್ತ ಶಿಕ್ಷಕ ಹಂಚಿನಾಳ ಮಾಸ್ತರರ ಕಪಾಟಿನಲ್ಲಿ ಹತ್ತೊಂಬತ್ತು ಶೇವಿಂಗ್ ಬ್ರಶ್‌ಗಳಿದ್ದವು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕೊಂಬಿನ ಹಿಡಿಯ ದುಬಾರಿ ಬ್ರಶ್ ಕಂಡಂದಿನಿಂದ ಅವರ ಮನಸ್ಸು ಅಲ್ಲೇ ಸಿಕ್ಕಿಕೊಂಡಿತ್ತು.

"ಇರೋದು ಒಂದ ಮಾರಿ. ಅದಕ್ಕ ಎಷ್ಟು ಬ್ರಶ್ ಬೇಕ್ರಿ?" ಎಂದು ಹೆಂಡತಿ ನಕ್ಕರು.

ಅದೂ ನಿಜವೇ. ಹೀಗಾಗಿ ನಾಲ್ಕು ದಿನ ಅಂಗಡಿಗೆ ಹೋಗಿ, ಬ್ರಶ್ಶನ್ನು ಕೆನ್ನೆಗೆ ಸವರಿಕೊಂಡು, ಮರಳಿ ಕೊಟ್ಟು ಬಂದರು. ಅಂಗಡಿಯ ಮಾಲೀಕ ಇಮ್ತಿಯಾಜ್ ಬೇಸರಿಸಲಿಲ್ಲ.

ಐದನೆಯ ದಿನ ಕೊಂಡೇ ಬಿಡೋಣವೆಂದು ಹೋದರೆ, ಬ್ರಶ್ ಒಬ್ಬ ತರುಣನ ಕೈಯಲ್ಲಿತ್ತು. "ಇಷ್ಟು ರೊಕ್ಕ ಕೊಟ್ಟು ಇದನ್ನ ಯಾಕ ತಗೋಬೇಕು?" ಎಂದು ಕೇಳುತ್ತಿದ್ದ.

ಮಾಸ್ತರರಿಗೆ ತಡೆಯಲಾಗಲಿಲ್ಲ. "ಯಾಕ ಅಂದ್ರ? ಕೂದಲಾ ಮುಟ್ಟಿ ನೋಡು ತಮ್ಮಾ, ರೇಶ್ಮಿ! ಬಿಸಿನೀರಾಗ ಅದ್ದಿ, ಸಾಬೂನಿನ ಮ್ಯಾಲೆ ಸಾವಕಾಶ ತಿರುವು. ನೊರಿ ಬೆಣ್ಣಿ ಹಂಗ ಬರ್ತೈತಿ. ಬ್ಲೇಡ್ ತಾಕಿದ್ದೂ ಗೊತ್ತಾಗಂಗಿಲ್ಲ."

ಅರ್ಧ ಗಂಟೆ ಉತ್ಸಾಹದಿಂದ ವಿವರಿಸಿದರು. ಮುಗಿಯುವ ಹೊತ್ತಿಗೆ ತರುಣ ಆ ಬ್ರಶ್ಶನ್ನೂ, ಅವರು ತೋರಿಸಿದ ಬಟ್ಟಲು, ಸಾಬೂನನ್ನೂ ಕೊಂಡು, ಅವರಿಗೆ ಕೈಮುಗಿದು ಹೊರಟೇಹೋದ.

ಮಾಸ್ತರರು ಖಾಲಿ ಗಾಜಿನ ಪೆಟ್ಟಿಗೆಯನ್ನೇ ನೋಡುತ್ತ ನಿಂತರು. "ಅಂಥಾದ್ದು ಇನ್ನೊಂದು ಐತೇನಪಾ?"

"ಇಲ್ರಿ ಸರ್, ಒಂದ ಇತ್ತು. ತರಿಸಿ ಎರಡು ವರ್ಷ ಆದ್ರೂ ಯಾರೂ ತಗೊಂಡಿರಲಿಲ್ಲ." ಇಮ್ತಿಯಾಜ್ ಕುರ್ಚಿಯೊಂದನ್ನು ಎಳೆದು ಅವರ ಮುಂದಿಟ್ಟ. "ನಾಳಿಂದ ಸಂಜಿಮುಂದ ಬಂದು ಇಲ್ಲೇ ಕುಂದರ್ರಿ. ಪಗಾರ ಬ್ರಶ್ಶಿನಾಗ ಕೊಡ್ತೀನಿ."