ಗೌರಿಯ ದನಿ

ಗಂಟಲಬೇನೆ ಬಂದು ಮಾತು ಕಳೆದುಕೊಂಡವರು ಮಾತಾಡಲು ಕಟ್ಟಿಕೊಳ್ಳುವ ಕೊರಳಯಂತ್ರಕ್ಕೆ ಬೇರೆಯವರ ದನಿ ತುಂಬಿಕೊಡುವುದೇ ಈಗ ಹುಬ್ಬಳ್ಳಿಯ ಒಂದು ಹಾಡಿನ ಸ್ಟುಡಿಯೋದ ಮುಖ್ಯ ಕೆಲಸವಾಗಿತ್ತು. ನೀಲಾಂಬಿಕೆ ಆರು ವರ್ಷಗಳಿಂದ ಮಾತಾಡುತ್ತಿದ್ದದ್ದು ತೀರಿಹೋದ ಅಕ್ಕ ಗೌರಿಯ ದನಿಯಲ್ಲಿ. ಗೌರಿ ಅಲ್ಲಿಯೇ ಹಾಡುತ್ತಿದ್ದವಳು.

ಅಂದು ಸ್ಟುಡಿಯೋದ ರೆಕಾರ್ಡಿಂಗ್ ಸಾಫ್ಟ್‌ವೇರ್ ಬದಲಾಗುವ ದಿನ.

“ಹೊಸದಕ್ಕ ಹಳೇ ದನಿ ಬರಂಗಿಲ್ರಿ ಅಕ್ಕಾರ,” ಎಂದ ಎಂಜಿನಿಯರ್ ದಾವಲಸಾಬ. “ದನಿ ಕೊಟ್ಟವರ ಬಂದು ಮತ್ತೊಮ್ಮೆ ಹಾಡಬೇಕು. ಇಲ್ಲಾಂದ್ರ ನೀವು ಬ್ಯಾರೆ ದನಿ ಆರಿಸ್ಕೋಬೇಕು.”

ನೀಲಾಂಬಿಕೆ ಬೇರೆ ದನಿಯೊಂದನ್ನು ಆರಿಸಿದಳು. ಆಮೇಲೆ ಐದು ನಿಮಿಷ ಬಿಡುವು ಕೇಳಿಕೊಂಡು, ಹಳೇ ದನಿಯಲ್ಲೇ ಮನೆಗೆ ಫೋನ್ ಮಾಡಿದಳು.

“ಅವ್ವಾ, ಸಂಜಿಗೆ ನಾ ಬ್ಯಾರೆ ದನೀಲೆ ಮಾತಾಡ್ತೀನಿ. ಗಾಬರಿ ಆಗಬ್ಯಾಡ.”



“ಗೌರಿ ಹೋಗೂಮುಂದ ನನಗ ಹೇಳಿ ಹೋಗ್ಲಿಲ್ಲ,” ಎಂದಳು ಅವ್ವ. “ಒಂದೀಟು ಅಕಿ ಕೈಯಾಗ ಫೋನ್ ಕೊಡವಾ.”

ನೀಲಾಂಬಿಕೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ಅವ್ವಾ, ನಾ ಗೌರಿ. ಹೋಗಿ ಬರ್ತೀನಿ.”

“ಹೂಂ. ಹೋಗಿ ಬಾ, ನನ್ನವ್ವಾ.”

ನೀಲಾಂಬಿಕೆ ಫೋನಿಟ್ಟಳು. ದಾವಲಸಾಬ ತಲೆ ತಗ್ಗಿಸಿ ಕೂತಿದ್ದ. ಅವಳು ಕೊರಳಯಂತ್ರ ಬಿಚ್ಚಿ ಅವನ ಕೈಗೆ ಕೊಟ್ಟಳು.